ರೆಸಾರ್ಟ್ ಖಾಲಿ ಇದ್ದರೂ ಬ್ಲೋವರ್ ಓಡಬೇಕಾ?

ಪ್ರಶ್ನೆ: ಗೋಕರ್ಣದ ಹತ್ತಿರ ನಮ್ಮದೊಂದು ಸಣ್ಣ ರೆಸಾರ್ಟ್ ಇದೆ. ಕೊಳಚೆ ನೀರಿಗೆ ಬ್ಯಾಚ್ ಮಾದರಿಯ ಎಸ್‌ಟಿಪಿ, ಅಂದರೆ ಒಂದೊಂದು ಸಲ ತುಂಬಿಸಿಕೊಂಡು ನೀರು ಶುದ್ಧ ಮಾಡುವ ಘಟಕ, ಹಾಕಿಸಿದ್ದೇವೆ. ಶನಿವಾರ, ಭಾನುವಾರ ಬಿಟ್ಟರೆ ಜನ ಕಡಿಮೆ. ಆದರೂ ನೀರಿಗೆ ಗಾಳಿ ಊದುವ ಬ್ಲೋವರ್ ಟೈಮರ್ ಲೆಕ್ಕದಲ್ಲಿ ಅಷ್ಟೇ ಹೊತ್ತು ಓಡುತ್ತದೆ, ಕರೆಂಟ್ ಬಿಲ್ ಕಟ್ಟಿ ಸಾಕಾಗಿದೆ. ಅಮೋನಿಯಾ ಸೆನ್ಸರ್‌ನ ಬೆಲೆ ಕೇಳಿ ಸುಮ್ಮನಾದೆವು. ಅಗ್ಗದ ದಾರಿ ಇದೆಯಾ?

ಉತ್ತರ: ಇದೆ. ಅಮೋನಿಯಾ ಸೆನ್ಸರ್ ಬೇಡ, ನೀರಿನ ಪಿಎಚ್ (ಆಮ್ಲ-ಕ್ಷಾರದ ಮಟ್ಟ) ಅಳೆಯುವ ಸಾಧಾರಣ ಪ್ರೋಬ್ ಸಾಕು. ಇಂಥ ಘಟಕಗಳಲ್ಲಿ ಸುಮಾರು ಅರ್ಧದಷ್ಟು ಕರೆಂಟು ಗಾಳಿ ಊದುವುದಕ್ಕೇ ಹೋಗುತ್ತದೆ. ಕೆಲಸ ಮುಗಿದ ಮೇಲೂ ಊದಿದರೆ ದಂಡ, ಅಲ್ವಾ?

ಗಾಳಿ ಸಿಕ್ಕ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಆಗ ಆಮ್ಲ ಹುಟ್ಟಿ ಪಿಎಚ್ ನಿಧಾನಕ್ಕೆ ಇಳಿಯುತ್ತದೆ. ಅಮೋನಿಯಾ ಖಾಲಿಯಾದರೆ ಇಳಿಯುವುದು ನಿಲ್ಲುತ್ತದೆ. ಊದುವ ಗಾಳಿ ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೊರಹಾಕುತ್ತಲೇ ಇರುವುದರಿಂದ ಪಿಎಚ್ ಮತ್ತೆ ಮೆಲ್ಲಗೆ ಏರುತ್ತದೆ. ಗ್ರಾಫಿನಲ್ಲಿ ಒಂದು ತಗ್ಗು ಕಾಣುತ್ತದೆ. ಅದು ದಾಟಿದ ಸ್ವಲ್ಪ ಹೊತ್ತಿಗೆ ಬ್ಲೋವರ್ ನಿಲ್ಲುವಂತೆ ಅದನ್ನು ನಡೆಸುವ ಕಂಟ್ರೋಲರ್‌ನಲ್ಲಿ ಬರೆಸಿ. ಪ್ರೋಬ್ 7.2 ಇರುವಲ್ಲಿ 7.5 ತೋರಿಸಿದರೂ ಗೆರೆ ತಿರುಗುವ ಹೊತ್ತು ಬದಲಾಗುವುದಿಲ್ಲ. ಅಗ್ಗದ ಪ್ರೋಬ್ ಇಲ್ಲಿ ನಡೆಯುವುದು ಅದಕ್ಕೇ. ನೀರು ಸದಾ ಹರಿಯುವ ಮಾದರಿಯ ಘಟಕದಲ್ಲಿ ಮಾತ್ರ ಈ ಉಪಾಯ ನಡೆಯದು.

ನಮ್ಮ ಕರಾವಳಿಯಲ್ಲಿ ಒಂದು ತೊಡಕಿದೆ. ಚಿರೆಕಲ್ಲು ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು, ಆಮ್ಲವನ್ನು ತಡೆದುಕೊಳ್ಳುವ ಕ್ಷಾರ ಕಡಿಮೆ. ಅಮೋನಿಯಾದಲ್ಲಿರುವ ಒಂದು ಮಿಲಿಗ್ರಾಂ ಸಾರಜನಕ ನೈಟ್ರೇಟ್ ಆಗುವಾಗ ಸುಮಾರು 7 ಮಿಲಿಗ್ರಾಂ ಕ್ಷಾರ ತಿನ್ನುತ್ತದೆ. ಕ್ಷಾರ ಮುಗಿದು ಪಿಎಚ್ 6.5ಕ್ಕಿಂತ ಕೆಳಗೆ ಹೋದರೆ ಬ್ಯಾಕ್ಟೀರಿಯಾಗಳು ಸೋಲುತ್ತವೆ, ತಗ್ಗು ಬರುವುದೇ ಇಲ್ಲ, ಬ್ಲೋವರ್ ಕಾಯುತ್ತಾ ಓಡುತ್ತದೆ. ಹಾಗಾಗಿ ಈಗಿನ ಟೈಮರ್ ಕಿತ್ತು ಹಾಕಬೇಡಿ. ಇಷ್ಟು ಹೊತ್ತಿಗಿಂತ ಜಾಸ್ತಿ ಓಡಬಾರದು ಅನ್ನುವ ಮಿತಿಗೆ ಅದು ಬೇಕು. ಪಿಎಚ್ ಪದೇ ಪದೇ ಕುಸಿದರೆ ಅಳತೆ ನೋಡಿ ಸ್ವಲ್ಪ ಸುಣ್ಣ ಕೊಡಿ. ಮಳೆಗಾಲದಲ್ಲಿ ಚೇಂಬರಿಗೆ ಮಳೆನೀರು ನುಗ್ಗಿ ಕೊಳಚೆ ತೆಳುವಾದಾಗ ತಗ್ಗು ಕಾಣುವುದೇ ಕಷ್ಟ. ಆಗ ಟೈಮರನ್ನೇ ನಂಬಿ.

ಪ್ರೋಬಿನ ಮೇಲೆ ಲೋಳೆ ಕಟ್ಟುತ್ತದೆ. ವಾರಕ್ಕೊಮ್ಮೆ ತೊಳೆಯಲು ಒಬ್ಬರನ್ನು ಗೊತ್ತು ಮಾಡಿ, ಆಗಾಗ ಪಿಎಚ್ 4 ಮತ್ತು 7ರ ಬಫರ್‌ನಲ್ಲಿ (ಪಿಎಚ್ ಗೊತ್ತಿರುವ ದ್ರಾವಣದಲ್ಲಿ) ಅದ್ದಿ ಸರಿಹೊಂದಿಸಿ. ಉಪ್ಪುಗಾಳಿಗೆ ಸರ್ಕ್ಯೂಟ್ ಬೋರ್ಡ್ ಬೇಗ ಹಾಳಾಗುತ್ತದೆ, ಗಾಳಿಯಾಡದ ಪೆಟ್ಟಿಗೆಯಲ್ಲಿಡಿ. ಲ್ಯಾಬ್ ಪರೀಕ್ಷೆ ಎಂದಿನಂತೆ ಮಾಡಿಸುತ್ತಿರಿ.

ಎಐ ಇದೆ ಅಂತ ಇಂಥ ಕಂಟ್ರೋಲರ್ ಮಾರಲು ಬಂದವರಿಗೆ ಪ್ರೋಬನ್ನು ಎತ್ತಿ ಹೊರಗಿಡಲು ಹೇಳಿ. ಅವರ ಕಂಟ್ರೋಲರ್ ತಾನಾಗಿ ಟೈಮರಿಗೆ ಮರಳದಿದ್ದರೆ ಕೊಳ್ಳಬೇಡಿ.