ರೋಗಿಗೆ ಕೊಡುವ ನ್ಯೂಟ್ರಿಷನ್ ಡ್ರಿಂಕ್: ಟಿನ್, ರೀಫಿಲ್, ಟೆಟ್ರಾ ಪ್ಯಾಕ್‌ಗಳಲ್ಲಿ ಪರಿಸರಕ್ಕೆ ಯಾವುದು ವಾಸಿ?

ಕೀಮೋಥೆರಪಿ ನಡೆಯುತ್ತಿರುವ ತಂದೆಯವರಿಗೆ ಡಾಕ್ಟರ್ ದಿನಕ್ಕೆ ಎರಡು ಲೋಟ ನ್ಯೂಟ್ರಿಷನ್ ಡ್ರಿಂಕ್ ಬರೆದುಕೊಟ್ಟಿದ್ದಾರೆ, ಮನೆಯಲ್ಲಿ ಖಾಲಿ ಡಬ್ಬಿ ರಾಶಿ ಬಿದ್ದಿದೆ, ಟಿನ್ ಬಿಟ್ಟು ಬೇರೆ ಪ್ಯಾಕ್‌ಗೆ ಹೋಗಲಾ ಅಂತ ಕೇಳಿದ್ದೀರಿ. ನಮ್ಮತ್ತೆಗೆ ಸ್ಟ್ರೋಕ್ ಆದಮೇಲೆ ಬಹಳ ಕಾಲ ಇದನ್ನೇ ಕೊಟ್ಟಿದ್ದೇವೆ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಸ ವಿಂಗಡಣೆ ನೋಡಿಕೊಳ್ಳುವವರಲ್ಲಿ ನಾನೂ ಒಬ್ಬಳು. ಹಾಗಾಗಿ ಡಬ್ಬಿಯ ಎರಡೂ ತುದಿ ನೋಡಿದ್ದೇನೆ.

ಡಬ್ಬಿಗಿಂತ ಮೊದಲು ಒಳಗಿರೋದನ್ನ ನೋಡಿ. ಇದರಲ್ಲಿ ಹೆಚ್ಚಿನವು ಹಾಲಿನ ಪ್ರೋಟೀನಿನಿಂದ ಮಾಡಿದವು. ಹಸು, ಮೇವು, ಹಾಲನ್ನು ಒಣಗಿಸಿ ಪುಡಿ ಮಾಡೋ ಶಾಖ, ಇಷ್ಟೆಲ್ಲ ಖರ್ಚಾಗಿ ಲೋಟಕ್ಕೆ ಬಂದಿರುತ್ತೆ. ಅರ್ಧ ಕುಡಿದು ಉಳಿದದ್ದನ್ನು ಸಿಂಕಿಗೆ ಸುರಿದರೆ, ಡಬ್ಬಿ ಎಷ್ಟು ಹಸಿರಾಗಿದ್ದರೂ ಲೆಕ್ಕಕ್ಕೆ ಬರಲ್ಲ. ಕೀಮೋ ದಿನಗಳಲ್ಲಿ ಬಾಯಿ ಕೆಟ್ಟಿರುತ್ತೆ, ಪೂರ್ತಿ ಲೋಟ ಇಳಿಯೋದು ಕಷ್ಟ. ಟಿನ್, ರೀಫಿಲ್‌ಗಳಲ್ಲಿ ಬರೋ ಪುಡಿಯ ದೊಡ್ಡ ಅನುಕೂಲ ಇಲ್ಲೇ ಇರೋದು: ಅರ್ಧರ್ಧ ಲೋಟ ಕಲಸಿಕೊಡಬಹುದು.

ಇನ್ನು ಪ್ಯಾಕ್. ಲೇಬಲ್‌ನಲ್ಲಿ ಹೇಳಿದ ಹದಕ್ಕೆ ಕಲಸಿದರೆ ಲೋಟಕ್ಕೆ ಹೆಚ್ಚುಕಮ್ಮಿ 55 ಗ್ರಾಂ ಪುಡಿ ಬೇಕು. 400 ಗ್ರಾಂ ಡಬ್ಬಿಗೆ ಏಳು ಲೋಟ, ನಾಲ್ಕು ದಿನವೂ ಬರಲ್ಲ. ತಿಂಗಳಿಗೆ ಎಂಟು ಡಬ್ಬಿ ಮೀರುತ್ತೆ. ರಾಶಿ ಬೀಳದೆ ಇನ್ನೇನು! ತೆರೆದ ಮೇಲೆ ಸಾಮಾನ್ಯವಾಗಿ ಮೂರು ವಾರದೊಳಗೆ ಮುಗಿಸಿ ಅಂತ ಬರೆದಿರುತ್ತಾರೆ. ನಿಮ್ಮ ಲೆಕ್ಕದಲ್ಲಿ 1 ಕೆಜಿ ಪ್ಯಾಕ್ ಒಂಬತ್ತೇ ದಿನಕ್ಕೆ ಖಾಲಿ. ನೀವು ಕೊಡುತ್ತಿರುವ ಬ್ರ್ಯಾಂಡ್‌ನಲ್ಲಿ ಸಿಗೋದಾದರೆ ದೊಡ್ಡದನ್ನೇ ತನ್ನಿ.

ಟಿನ್ನೋ ರೀಫಿಲ್ಲೋ? ಟಿನ್ ಉಕ್ಕಿನದು. ಗುಜರಿಯವರು ದುಡ್ಡು ಕೊಟ್ಟು ಒಯ್ಯುತ್ತಾರೆ, ಕರಗಿ ಮತ್ತೆ ಉಕ್ಕಾಗುತ್ತೆ. ರೀಫಿಲ್‌ನ ಹೊರಗಿನ ರಟ್ಟಿನ ಪೆಟ್ಟಿಗೆಗೂ ಬೆಲೆ ಇದೆ. ತೊಂದರೆ ಒಳಗಿನ ಬೆಳ್ಳಿ ಬಣ್ಣದ ಪೌಚ್‌ನದು. ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ್ದು, ಬೇರ್ಪಡಿಸೋದು ಕಷ್ಟ, ಕೊಳ್ಳುವವರಿಲ್ಲ. 2022ರ ಕೇಂದ್ರ ನಿಯಮದಲ್ಲಿ ಇಂಥ ಬಹುಪದರದ ಪ್ಲಾಸ್ಟಿಕ್ ಮೂರನೇ ವರ್ಗಕ್ಕೆ ಸೇರುತ್ತೆ, ಅದರ ವಿಲೇವಾರಿಯ ಹೊಣೆ ಉತ್ಪಾದಕರದ್ದೇ. ಆದರೂ ವಿಂಗಡಿಸಿ ಕೊಟ್ಟದ್ದು ಬಹುಪಾಲು ಸಿಮೆಂಟ್ ಕಾರ್ಖಾನೆಗೆ ಉರುವಲು, ಕೊಡದೇ ಇದ್ದದ್ದು ಲ್ಯಾಂಡ್‌ಫಿಲ್‌ಗೆ. ಹಾಗಂತ ಪೌಚನ್ನು ಪೂರ್ತಿ ದೂರಲೂ ಆಗಲ್ಲ: ತೂಕ ತೀರಾ ಕಮ್ಮಿ, ತಯಾರಿಕೆಗೂ ಸಾಗಣೆಗೂ ಬೇಕಾಗುವ ಇಂಧನವೂ ಕಮ್ಮಿ. ಕಾರ್ಬನ್ ಲೆಕ್ಕ ಹಾಕಿದರೆ ಪೌಚ್ ಮೇಲು, ಕಸದ ಲೆಕ್ಕ ಹಾಕಿದರೆ ಟಿನ್ ಮೇಲು. ನನ್ನನ್ನು ಕೇಳಿದರೆ ರೀಫಿಲ್ ತಂದು, ಪೌಚನ್ನು ಕತ್ತರಿಸಿ ಕ್ಲಿಪ್ ಹಾಕಿ ಹಾಗೇ ಹಳೇ ಟಿನ್ನಿನೊಳಗೆ ಇಳಿಸಿಡಿ. ಪುಡಿಯನ್ನು ಟಿನ್ನಿಗೆ ಸುರಿಯಬೇಡಿ, ತೇವ ಉಳಿದಿದ್ದರೆ ಕೆಡುತ್ತೆ. ಪ್ಯಾಕಿಗೊಂದು ಅಳತೆ ಚಮಚ ಬೇರೆ ಹಾಕಿರುತ್ತಾರೆ! ನಮ್ಮನೆಯಲ್ಲಿ ಕಾಫಿಪುಡಿಗೆ, ಸೋಪಿನ ಪುಡಿಗೆ, ಗಿಡದ ಗೊಬ್ಬರಕ್ಕೆ ಎಲ್ಲದಕ್ಕೂ ಅದೇ ಚಮಚ.

ಟೆಟ್ರಾ ಪ್ಯಾಕ್, ರೆಡಿ ಬಾಟಲಿಗಳಲ್ಲಿ ಲಾರಿ ಹೊತ್ತು ತರೋದು ಬಹುಪಾಲು ನೀರನ್ನೇ, ಲೋಟಕ್ಕೊಂದು ಪ್ಯಾಕು ಬೇರೆ. ಟೆಟ್ರಾ ಪ್ಯಾಕಿನಲ್ಲಿ ಮುಕ್ಕಾಲು ಪಾಲು ಕಾಗದ. ಸರಿಯಾದ ಕಾರ್ಖಾನೆಗೆ ಹೋದರೆ ಕಾಗದದ ನಾರು ಬೇರೆಯಾಗುತ್ತೆ, ಉಳಿದ ಪ್ಲಾಸ್ಟಿಕ್-ಅಲ್ಯೂಮಿನಿಯಂ ಒತ್ತಿ ಶೀಟು, ಬೆಂಚು ಮಾಡುತ್ತಾರೆ. ಅಲ್ಲಿಗೆ ತಲುಪಬೇಕು, ಅಷ್ಟೇ. ಬಾಟಲಿಯಾದರೆ ಮೈತುಂಬ ಸುತ್ತಿದ ಪ್ಲಾಸ್ಟಿಕ್ ತೋಳನ್ನು ಹರಿದು ತೆಗೆದು ಕೊಡಿ, ಅದು ಬೇರೆ ಜಾತಿಯ ಪ್ಲಾಸ್ಟಿಕ್ ಆಗಿರುವುದೇ ಹೆಚ್ಚು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಪುಡಿ ಪೂರ್ತಿ ಕ್ರಿಮಿರಹಿತ ಅಲ್ಲ, ಸೀಲಾದ ದ್ರವ ಕ್ರಿಮಿರಹಿತ. ಕೀಮೋದಲ್ಲಿ ಬಿಳಿ ರಕ್ತಕಣ ಇಳಿದಾಗ ಡಾಕ್ಟರ್ ರೆಡಿ ಬಾಟಲಿಯನ್ನೇ ಕೊಡಿ ಅಂದರೆ ಅದನ್ನೇ ಕೊಡಿ, ಆಗ ಪರಿಸರದ ಮಾತು ಬೇಡ. ಪುಡಿ ಸಾಕು ಅಂದರೆ ಕುದಿಸಿ ಆರಿಸಿದ ನೀರು ಬಳಸಿ.

ಖಾಲಿಯಾದದ್ದನ್ನು ತೊಳೆಯದೆ ಒಣ ಕಸಕ್ಕೆ ಹಾಕಬೇಡಿ. ಹಾಲಿನ ಅಂಶ ಎರಡೇ ದಿನಕ್ಕೆ ನಾರುತ್ತೆ, ಪಕ್ಕದ ಒಳ್ಳೇ ಪೇಪರನ್ನೂ ಕೆಡಿಸುತ್ತೆ, ಅದನ್ನು ಬರಿಗೈಲಿ ಆರಿಸೋರು ಇದ್ದಾರೆ. ಪಾತ್ರೆ ತೊಳೆದ ಕೊನೇ ನೀರೇ ಸಾಕು. ಟಿನ್ನಿನ ಬಾಯಿಗಿರುವ ಅಲ್ಯೂಮಿನಿಯಂ ಹಾಳೆಗಳನ್ನು ಒಂದರ ಮೇಲೊಂದು ಸುತ್ತಿ ಉಂಡೆ ಮಾಡಿ ಕೊಡಿ, ಬಿಡಿಯಾಗಿ ಹಾಕಿದರೆ ಕಸದಲ್ಲಿ ಕಳೆದುಹೋಗುತ್ತೆ. ಗುಜರಿಗೆ ಕೊಡುವ ಮುಂಚೆ ಟಿನ್ನಿನ ತಳಕ್ಕೆ ಮೊಳೆಯಿಂದ ತೂತು ಹೊಡೆಯಿರಿ, ಲೇಬಲ್ ಮೇಲೆ ಗೀಚಿ. ದುಬಾರಿ ಪುಡಿ ನೋಡಿ, ಚೆಂದದ ಖಾಲಿ ಡಬ್ಬಿ ಸಿಕ್ಕರೆ ನಕಲಿ ತುಂಬಿ ಮಾರುವವರಿಗೆ ಅನುಕೂಲ.