ಎಚ್61 ಬೋರ್ಡ್‌ಗೆ ಸರ್ವರ್ ರ‍್ಯಾಮ್ ಆಗುತ್ತಾ?

ನಮಸ್ಕಾರ ಸರ್. ನಿಮ್ಮದು ಎಚ್61 (ಇಂಟೆಲ್‌ನ ಹಳೇ ಚಿಪ್‌ಸೆಟ್) ಮದರ್‌ಬೋರ್ಡ್, ಐ5-3470 ಪ್ರೊಸೆಸರ್, ಈಗಿರೋದು ಒಂದೇ 4 ಜಿಬಿ ರ‍್ಯಾಮ್ ಸ್ಟಿಕ್. ಅಂಗಡಿಯವರು 16 ಜಿಬಿ ಸರ್ವರ್ ರ‍್ಯಾಮ್ ಅಗ್ಗಕ್ಕೆ ಕೊಡ್ತೀನಿ ಅಂದಿದ್ದಾರೆ, ತಗೊಳ್ಳಲಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ಸ್ಲಾಟ್‌ನಲ್ಲಿ ನೀಟಾಗಿ ಕೂರುತ್ತೆ, ಆದರೆ ಸಿಸ್ಟಮ್ ಆನ್ ಆಗಲ್ಲ.

ಸ್ಟಿಕ್ಕರ್ ನೋಡಿ. ಪಿಸಿ3-12800 ಅಂತಿರುತ್ತೆ, ಅಂದರೆ ಡಿಡಿಆರ್3 ಪೀಳಿಗೆಯ ರ‍್ಯಾಮ್, ವೇಗ 1600. ಅದರ ಪಕ್ಕದ ಅಕ್ಷರವೇ ಮುಖ್ಯ: 'ಯು' ಇದ್ದರೆ ನಿಮ್ಮದಕ್ಕೆ ಸರಿ, 'ಆರ್' ಇದ್ದರೆ ಸರ್ವರ್‌ದು, ಮುಟ್ಟಲೇಬೇಡಿ. 'ಎಎಂಡಿಗೆ ಮಾತ್ರ' ಅಂತ ಮಾರೋ ಅಗ್ಗದ 8 ಜಿಬಿ ಸ್ಟಿಕ್ಕೂ ಬೇಡ, ಇಂಟೆಲ್ ಬೋರ್ಡ್‌ನಲ್ಲಿ ಓಡಲ್ಲ. ಡಿಡಿಆರ್4 ಅಂತೂ ಕೂರೋದೇ ಇಲ್ಲ, ಅದರ ಕಚ್ಚು ಬೇರೆ ಕಡೆ ಇರುತ್ತೆ.

ಎಚ್61ಗೆ ಮಿತಿ 16 ಜಿಬಿ, ಒಂದು ಸ್ಲಾಟಿಗೆ 8. ಟ್ಯಾಲಿ, ಕ್ರೋಮ್ ಅಷ್ಟೇ ಕೆಲಸ ಅಂದಿದ್ದೀರಲ್ಲ, ಒಂದು 8 ಜಿಬಿ ತಂದು ಹಳೇ 4ರ ಜೊತೆಗೇ ಹಾಕಿ. ಜೋಡಿ ಸಮ ಇರಲೇಬೇಕು ಅಂತ ಹೆದರಿಸ್ತಾರೆ, ನಂಬಬೇಡಿ. 12ರಲ್ಲಿ 8 ಜಿಬಿ ಡ್ಯುಯಲ್ ಚಾನೆಲ್‌ನಲ್ಲೇ (ಎರಡೂ ಸ್ಟಿಕ್ ಒಟ್ಟಿಗೆ, ಹೆಚ್ಚು ವೇಗದಲ್ಲಿ) ಓಡುತ್ತೆ, ಉಳಿದದ್ದು ಸಿಂಗಲ್. ವ್ಯತ್ಯಾಸ ನಿಮಗೆ ಗೊತ್ತೂ ಆಗಲ್ಲ. 1.35 ವೋಲ್ಟ್‌ನ ಡಿಡಿಆರ್3ಎಲ್ ಸಿಕ್ಕರೂ ಸಾಮಾನ್ಯವಾಗಿ ನಡೆಯುತ್ತೆ.

ವಿಂಡೋಸ್ 32 ಬಿಟ್ ಇದ್ದರೆ ಮೊದಲು 64 ಬಿಟ್‌ಗೆ ಬದಲಿಸಿ, ಇಲ್ಲದಿದ್ದರೆ 4 ಜಿಬಿ ಮೇಲೆ ಹಾಕಿದ್ದೆಲ್ಲ ದಂಡ.

ಸೆಕೆಂಡ್ ಹ್ಯಾಂಡ್ ತಗೊಂಡರೆ ಬದಲಿಸಿಕೊಡೋ ಮಾತು ಮೊದಲೇ ಆಗಿರಲಿ. ಹಾಕಿದ ರಾತ್ರಿಯೇ ರ‍್ಯಾಮ್ ಪರೀಕ್ಷಿಸೋ ಮೆಮ್‌ಟೆಸ್ಟ್86 ಸಾಫ್ಟ್‌ವೇರ್ ಓಡಿಸಿ, ಒಂದೇ ಒಂದು ಎರರ್ ಬಂದರೂ ವಾಪಸ್ ಕೊಡಿ. ಬೀಪ್ ಬಂದು ನಿಂತರೆ ಗಾಬರಿ ಬೇಡ, ಪವರ್ ತೆಗೆದು ಚಿನ್ನದ ಬಣ್ಣದ ಪಿನ್‌ಗಳನ್ನ ರಬ್ಬರ್‌ನಿಂದ ಉಜ್ಜಿ, ಪುಡಿ ಒರೆಸಿ, ಕ್ಲಿಪ್ 'ಟಕ್' ಅನ್ನೋವರೆಗೆ ಒತ್ತಿ.