ಬೇಸಿಗೆಯಲ್ಲಿ ಬೆಂಕಿ ಕಾವಲಿಗೆ ಸೇರಬೇಕು, ದಿನಾ ಎಷ್ಟು ಓಡಬೇಕು?

ಡಿಗ್ರಿ ಮುಗಿದಿದೆ, ಊರು ಹಾವೇರಿ, ಈ ಬೇಸಿಗೆ ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ಫೈರ್ ವಾಚರ್, ಅಂದ್ರೆ ಕಾಡಿಗೆ ಬೆಂಕಿ ಬೀಳದಂತೆ ಕಾಯುವವನು, ಆಗಬೇಕು, ಅದಕ್ಕೇ ದಿನಾ ಬೆಳಗ್ಗೆ ಓಡ್ತಿದ್ದೇನೆ ಅಂತ ಬರೆದಿದ್ದೀರಿ. ನಾನೂ ಹಾಗೇ ಓಡಿ ಓಡಿ ತಯಾರಾಗಿ ಹೋದವನು. ಗದಗ ಕಡೆಯ ಒಂದು ಗುಡ್ಡ, ಹೆಸರು ಬೇಡ. ಮರುವರ್ಷ ನನ್ನನ್ನು ಕರೆಯಲಿಲ್ಲ. ಅರಣ್ಯ ಇಲಾಖೆಯವರನ್ನು ದೂರೋದಿಲ್ಲ, ಕಾರಣ ಕೆಳಗಿದೆ.

ಓಟದ ವಿಷಯ ಮೊದಲು ಬಿಡಿ. ಗುಡ್ಡದಲ್ಲಿ ಮೇಲಕ್ಕೆ ಹತ್ತುವ ಬೆಂಕಿಯ ಮುಂದೆ ಓಡಿ ಉಳಿಯೋಕೆ ಆಗಲ್ಲ. ಅದು ತನ್ನ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಇಟ್ಟಿರುತ್ತದೆ. ಹಾಗಾಗಿ ಬೆಂಕಿಯ ಮೇಲ್ಗಡೆ ನಿಲ್ಲಲೇಬಾರದು. ಸುಟ್ಟು ಕರಿಯಾದ ನೆಲದ ಕಡೆಯಿಂದ ಬಂದು, ಪಕ್ಕದಿಂದ ಬಡಿಯಬೇಕು. ಹಸಿ ತೊಪ್ಪಲಿನ ಟೊಂಗೆಯನ್ನು ಎತ್ತಿ ಎತ್ತಿ ಹೊಡೆದರೆ ಕಿಡಿ ಹಾರುತ್ತದೆ. ಒತ್ತಿ ಹಿಡಿದು ಎಳೆಯಬೇಕು. ಜ್ವಾಲೆ ಎದೆಮಟ್ಟ ಬಂತು ಅಂದ್ರೆ ಟೊಂಗೆಯ ಆಟ ಮುಗೀತು. ಹಿಂದೆ ಸರಿದು ದಾರಿಯನ್ನೋ ಫೈರ್ ಲೈನನ್ನೋ (ಬೆಂಕಿ ದಾಟದಂತೆ ಹುಲ್ಲು ತೆಗೆದು ಬೋಳು ಮಾಡಿದ ಪಟ್ಟಿ) ಹಿಡಿಯಬೇಕು. ಎದುರು ಬೆಂಕಿ ಕೊಡೋದು, ಅಂದ್ರೆ ಬರುವ ಬೆಂಕಿಗೆ ಏನೂ ಸಿಗದಂತೆ ಮುಂದಿನ ಹುಲ್ಲನ್ನು ನಾವೇ ಸುಡೋದು, ಹಳಬರ ಕೆಲಸ, ನೀವು ಕಡ್ಡಿ ಗೀರಬೇಡಿ. 2017ರಲ್ಲಿ ಬಂಡೀಪುರದ ಬೆಂಕಿಯಲ್ಲಿ ಒಬ್ಬ ಅರಣ್ಯ ರಕ್ಷಕರೇ ತೀರಿಕೊಂಡರು. ಹೊಸಬರ ಧೈರ್ಯ ಅಲ್ಲಿ ಯಾರಿಗೂ ಬೇಕಾಗಿಲ್ಲ.

ಇಷ್ಟಕ್ಕೂ ಬೆಂಕಿ ಆರಿಸೋದು ಈ ಕೆಲಸದಲ್ಲಿ ಸಣ್ಣ ಪಾಲು. ಬೇಸಿಗೆ ಏರುವ ಮೊದಲೇ ಫೈರ್ ಲೈನ್ ಮಾಡಬೇಕು. ಹುಲ್ಲು ಕೊಯ್ದು, ಒಣಗಿಸಿ, ಗಾಳಿ ಇಲ್ಲದ ಹೊತ್ತಲ್ಲಿ ಸುಟ್ಟು, ಮತ್ತೆ ಬಿದ್ದ ಎಲೆ ಗುಡಿಸೋದು. ಆಮೇಲೆ ಸುಮ್ನೆ ಕೂತು ಹೊಗೆ ನೋಡೋದು. ಉಪಗ್ರಹದಿಂದ ಮೊಬೈಲಿಗೆ ಎಚ್ಚರಿಕೆ ಬರುತ್ತೆ ನಿಜ. ಆದರೆ ಅದರ ಒಂದು ಚುಕ್ಕೆ ಅಂದ್ರೆ ಸುಮಾರು 375 ಮೀಟರ್ ಅಗಲದ ಚೌಕ. ಚುಕ್ಕೆ ಹಿಡಿದು ಹತ್ತಿದರೆ ಬೆಂಕಿ ಗುಡ್ಡದ ಆ ಮಗ್ಗುಲಲ್ಲಿ ಇರಬಹುದು. ಹುಲ್ಲಿನ ಬೆಂಕಿ ನಿಮ್ಮ ಮೆಸೇಜಿಗೆ ಕಾಯೋದೂ ಇಲ್ಲ.

ಈಗ ನನ್ನ ಕಥೆ. ಒಂದು ರಾತ್ರಿಯಿಡೀ ಬಡಿದು ಬೆಂಕಿ ನಿಲ್ಲಿಸಿದೆವು. ರಾತ್ರಿ ಗಾಳಿ ತಗ್ಗಿ ನೆಲ ತಂಪಾಗೋದರಿಂದ ಅದು ಸಾಧ್ಯವಾಯಿತು. ಬೆಳಕು ಹರಿಯುವಾಗ ನಮ್ಮ ತಂಡದ ಹಿರಿಯರು, ಎಲ್ಲರೂ ಕಾಕಾ ಅಂತಿದ್ದೆವು, ಎಲ್ಲಾ ಆರಿದೆಯಾ ನೋಡೋಕೆ ನನ್ನನ್ನು ಸುಟ್ಟ ಜಾಗದ ಅಂಚಿಗೆ, ಹಳ್ಳದ ಕಡೆಗೆ ಕಳಿಸಿದರು. “ಕಣ್ಣಿಲೆ ನೋಡಬ್ಯಾಡೋ ತಮ್ಮಾ, ಕೈ ಹಚ್ಚಿ ನೋಡು” ಅಂದಿದ್ದರು. ನಾನು ಕಣ್ಣಲ್ಲೇ ನೋಡಿದೆ. ಹೊಗೆ ಇರಲಿಲ್ಲ. “ಎಲ್ಲಾ ಆರೇತಿ ಕಾಕಾ” ಅಂತ ಕೂಗಿ, ರೊಟ್ಟಿ, ಶೇಂಗಾ ಚಟ್ನಿ ತಿಂದು ಮಲಗಿದೆ.

ಅಂಚಿನಲ್ಲಿ ಉಳಿದಿದ್ದು ದನದ ಒಣ ಸಗಣಿ. ಅದು ಮರದಂತೆ ಉರಿಯೋದಿಲ್ಲ. ಮೇಲೆ ಬೂದಿ ಕಟ್ಟಿಕೊಂಡು ಒಳಗೊಳಗೇ ಕೆಂಪಾಗಿ, ಗಂಟೆಗಟ್ಟಲೆ ಹಾಗೇ ಇರುತ್ತದೆ. ಬೂದಿ ಮುಚ್ಚಿರೋದರಿಂದ ಒಳಗೆ ಗಾಳಿ ಹೋಗೋದು ಕಡಿಮೆ, ನಿಧಾನಕ್ಕೆ ಉರಿಯುತ್ತದೆ, ಹೊಗೆ ಕಣ್ಣಿಗೆ ಬೀಳದೇ ಇರಬಹುದು. ಮಧ್ಯಾಹ್ನ ಗಾಳಿ ಎದ್ದಾಗ ಬೂದಿ ಹಾರಿ ಕೆಂಡ ಬಯಲಾಗುತ್ತದೆ. ನಾನು ಬಿಟ್ಟುಬಂದ ಜಾಗದಲ್ಲಿ ಆಗಿದ್ದು ಅದೇ. ಒಂದು ಕಿಡಿ ಲೈನ್ ದಾಟಿತು. ಆ ಕಡೆ ಇದ್ದದ್ದು ಸೊಂಟದುದ್ದದ ಬಾದೆ ಹುಲ್ಲು. ನಾವು ಎದ್ದು ಹೋಗುವಷ್ಟರಲ್ಲಿ ರಾತ್ರಿ ಉಳಿಸಿಕೊಂಡಿದ್ದ ಇಡೀ ಮಗ್ಗುಲು ಉರಿಯುತ್ತಿತ್ತು. ಆ ಹುಲ್ಲಲ್ಲಿ ಗೌಜಲ ಹಕ್ಕಿಗಳಿದ್ದದ್ದು ನನಗೆ ಗೊತ್ತಿತ್ತು.

ಮಾಡಬೇಕಾಗಿದ್ದು ಇಷ್ಟೇ. ಅಂಚಿನುದ್ದಕ್ಕೂ ಬಗ್ಗಿ ನಡೆದು, ಕೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದು ಕಾವು ನೋಡಬೇಕು. ಅಂಗೈ ಸುಟ್ಟರೆ ಮುಂದೆ ಟೊಂಗೆ ಹಿಡಿಯೋಕೆ ಆಗಲ್ಲ. ಸಗಣಿ ಸಿಕ್ಕರೆ ಒಡೆದು ಸುಟ್ಟ ನೆಲದ ಒಳಗೆ ಎಳೆದು, ಮಣ್ಣು ಕಲಸಬೇಕು. ಮರದ ಬೊಡ್ಡೆಯಾದರೆ ಬುಡ ಕೆದರಲೇಬೇಕು, ಬೇರಿನೊಳಗೆ ಬೆಂಕಿ ದಿನಗಟ್ಟಲೆ ಹರಿದಾಡುತ್ತದೆ. ಮಧ್ಯಾಹ್ನ ಮತ್ತೊಮ್ಮೆ ಅದೇ ಅಂಚಿಗೆ ಹೋಗಬೇಕು. ಬೇಜಾರಿನ ಕೆಲಸ. ಯಾರೂ ಫೋಟೋ ತೆಗೆಯಲ್ಲ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಗುಡ್ಡಕ್ಕೆ ಹೋದ ದಿನದಿಂದಲೇ ಕುರಿಗಾಹಿಗಳನ್ನು ಅನುಮಾನದಿಂದ ನೋಡಬೇಡಿ. ಹೊಸ ಚಿಗುರಿಗೆ ಅಂತ ಹಚ್ಚುವವರು ಇರಬಹುದು. ಬೀಡಿ ಎಸೆಯುವವರೂ, ಹೊಲದ ಬದುವಿನ ಕಸಕ್ಕೆ ಬೆಂಕಿ ಇಟ್ಟು ಮನೆಗೆ ಹೋಗುವವರೂ ಇದ್ದಾರೆ. ನಮಗೆ ಎಷ್ಟೋ ಸಲ ಹೊಗೆಯ ಸುದ್ದಿ ಮೊದಲು ಕೊಟ್ಟದ್ದು ಕುರಿ ಕಾಯುವವರೇ. ಅವರ ನಂಬರ್ ಇಟ್ಟುಕೊಳ್ಳಿ.

ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ಸುಮಾರು 244 ಚದರ ಕಿಲೋಮೀಟರ್. ಅಲ್ಲಿ ತೋಳ, ಕತ್ತೆಕಿರುಬ ಇವೆ, ಔಷಧಿ ಗಿಡಗಳಂತೂ ಹೇಳೋದೇ ಬೇಡ. ಕೆಲಸಕ್ಕೆ ಅರ್ಥ ಇದೆ. ಆದರೆ ಒಂದು ಬೇಸಿಗೆ ಮಾಡಿದರೆ ಗಾರ್ಡ್ ಕೆಲಸ ಸಿಗುತ್ತೆ ಅಂದುಕೊಂಡಿದ್ದರೆ ಬೇಡ. ಅದರ ನೇಮಕಾತಿ ಬೇರೆ, ದೈಹಿಕ ಪರೀಕ್ಷೆ ಬೇರೆ. ನಿಮ್ಮ ಓಟವನ್ನು ಅದಕ್ಕೆ ಇಟ್ಟುಕೊಳ್ಳಿ. ಕಾವಲಿಗೆ ದಪ್ಪ ಹತ್ತಿ ಬಟ್ಟೆ, ಚರ್ಮದ ಬೂಟು ತಗೊಳ್ಳಿ, ಪಾಲಿಯೆಸ್ಟರ್ ಪ್ಯಾಂಟು ಕರಗಿ ಮೈಗೆ ಅಂಟುತ್ತದೆ. ಮತ್ತೆ, ವಲಯ ಅರಣ್ಯ ಕಚೇರಿಗೆ ಡಿಸೆಂಬರಿನಲ್ಲೇ ಹೋಗಿ ಕೇಳಿ. ಮಾರ್ಚ್‌ನಲ್ಲಿ ಹೋದರೆ ತಂಡ ಆಗಲೇ ತುಂಬಿರುತ್ತದೆ.